ಕಂಪ್ಯೂಟರಿಗೆ ‘ಬ್ಯಾಡ’ ಅನ್ನುವ ವಿದ್ಯೆ

ನಲ್ಲಿಯ ನೀರು ಒಂದು ದಿನ ತಪ್ಪಬಹುದು, ನಮ್ಮ ಮನೆಯ ಕಂಪ್ಯೂಟರಿಗೆ ವರ್ಷಕ್ಕೊಮ್ಮೆ ಜೀವಭಯ ಬರುವುದು ತಪ್ಪುವುದಿಲ್ಲ. ಅದಕ್ಕೆ ಭಯ ಬಂದ ದಿನ ನಮ್ಮ ಓಣಿಯಲ್ಲಿ ಏನಾದರೊಂದು ನಗೆಪಾಟಲು ಆಗದೆ ಹೋಗುವುದೂ ಇಲ್ಲ. ಅದರೊಳಗೆ ಇರುವುದು ಪುಕ್ಕಟೆ ಆಂಟಿವೈರಸ್. ಪುಕ್ಕಟೆ ಎಂದರೆ ದುಡ್ಡು ಕೊಡಬೇಕಾಗಿಲ್ಲ, ಆದರೆ ವರ್ಷ ತುಂಬಿದಾಗ ಹೊಸ ಆವೃತ್ತಿ ಹಾಕಿಕೊಳ್ಳಬೇಕು. ಹಾಕಿಕೊಳ್ಳಲು ಹೋದರೆ, ‘ಪುಕ್ಕಟೆಯದು ಯಾಕೆ, ದುಡ್ಡಿನದನ್ನೇ ತಗೊಳ್ಳಿ’ ಎಂದು ಅದು ಹತ್ತು ದಾರಿಯಿಂದ ನಮ್ಮನ್ನು ಒಪ್ಪಿಸಲು ನೋಡುತ್ತದೆ. ಒಪ್ಪದೆ, ಏನೂ ಕೆಡಿಸದೆ, ಪುಕ್ಕಟೆಯದನ್ನೇ ಮುಂದುವರಿಸಿಕೊಂಡು ಹೋಗುವ ಕೆಲಸ ಈ ಮನೆಯಲ್ಲಿ ನನ್ನದು. ಈ ಕೆಲಸದ ಬಗ್ಗೆ ನನಗೆ ಜಂಬವಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯುವ ವಯಸ್ಸು ನನ್ನದಲ್ಲ.

ನಾನು ಹುಟ್ಟಿದ್ದು ಮಳವಳ್ಳಿಯಲ್ಲಿ. ಹೈಸ್ಕೂಲಿನ ಗಣಿತದ ಟೀಚರ್ ಎಂಬ ಆರ್ಡರ್ ಹಿಡಿದು ಕಲಬುರಗಿಗೆ ಬಂದೆ. ವರ್ಗ ಮಾಡಿಸಿಕೊಂಡು ವಾಪಸ್ ಹೋಗುವುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಇಲ್ಲಿಯ ಕಚೇರಿಯೊಂದರ ಗುಮಾಸ್ತರು ನನ್ನನ್ನು ಮದುವೆಯಾದರು. ಖೂಬಾ ಪ್ಲಾಟಿನಲ್ಲಿ ಮನೆಯಾಯಿತು, ನಿವೃತ್ತಿಯೂ ಆಯಿತು, ಮೊಣಕಾಲುಗಳು ಮಾತಾಡತೊಡಗಿದವು.

ಕಂಪ್ಯೂಟರಿನಲ್ಲಿ ಕಾಯುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಕಮಲಾಪುರದಲ್ಲಿರುವ ನನ್ನ ನಾದಿನಿ ಹೊಲಿದ ಕೌದಿಗಳ ಫೋಟೋಗಳಿವೆ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಕೂಡಿಸಿ ಅವಳು ಹೊಲಿದ ಹೊದಿಕೆಗಳಲ್ಲಿ ಮಲಗಿದ ಕೂಸುಗಳಿಗೆ ಈಗ ಕೂಸುಗಳಾಗಿವೆ. ಒಂದರಂತೆ ಇನ್ನೊಂದನ್ನು ಅವಳು ಹೊಲಿದವಳಲ್ಲ. ಆ ಕೌದಿಗಳೆಲ್ಲ ಮನೆಮನೆಗೆ ಹೋಗಿ, ತೊಳೆತೊಳೆದು ಹರಿದುಹೋಗಿವೆ. ಅವಳ ಕಣ್ಣು ಮಂಜಾಗಿ ಸೂಜಿ ಬಿಟ್ಟಿದ್ದಾಳೆ. ಉಳಿದದ್ದು ಫೋಟೋ ಮಾತ್ರ. ಹಿಂದೊಮ್ಮೆ ಓಣಿಯ ಯಾರದೋ ಪೆನ್ ಡ್ರೈವಿನಿಂದ ನಮ್ಮ ಮಷೀನಿಗೆ ವೈರಸ್ ಹೊಕ್ಕಿತು. ರಿಪೇರಿಯವರು ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿಕೊಟ್ಟರು. ಹೊಸದರಂತೆ ಎಂದರೆ ಹಳೆಯದೇನೂ ಇಲ್ಲದಂತೆ. ಅವಳ ಎಷ್ಟೋ ಕೌದಿಗಳು ಅವತ್ತು ಎರಡನೇ ಸಲ ಹೋದವು. “ಹೋಗ್ಲಿ ಬಿಡ್ರಿ ವೈನಿ, ಅರಿವಿ ತುಂಡು ಅಷ್ಟೇ ಅಲ್ಲ,” ಅಂದಳು. ಆದರೆ ಅವತ್ತು ಊಟಕ್ಕೆ ಕೂಡಲಿಲ್ಲ. ನನ್ನ ಮೊಬೈಲಿನಲ್ಲಿ, ಬಂಧುಗಳ ಮೊಬೈಲಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದ ಫೋಟೋಗಳನ್ನು ಮತ್ತೆ ಕೂಡಿಹಾಕಿದ್ದಾಯಿತು. ಇವು ಹೋದರೆ ಇನ್ನು ಎಲ್ಲೂ ಸಿಗುವುದಿಲ್ಲ. ಅಂದೇ ಮೌಸನ್ನು ನನ್ನ ಕೈಗೆ ತೆಗೆದುಕೊಂಡೆ.

೧. ನಾಳೆ ನೋಡೋಣ

ಕಲಬುರಗಿಗೆ ಬಂದ ಹೊಸದರಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಿಸಿಲಲ್ಲ, ಉಪಚಾರ. ನಮ್ಮ ಕಡೆ ‘ಬೇಡ’ ಎಂದರೆ ಬೇಡ. ಬಡಿಸುವವರು ಸೌಟು ಹಿಂದಕ್ಕೆ ತೆಗೆದುಕೊಂಡು ಮುಂದಿನ ಎಲೆಗೆ ಹೋಗುತ್ತಾರೆ. ಇಲ್ಲಿ ‘ಬ್ಯಾಡ’ ಎಂದರೆ ಮಾತು ಈಗ ಶುರುವಾಯಿತು ಎಂದರ್ಥ. ಮದುವೆಯಾದ ವರ್ಷ ನಮ್ಮವರ ಸಾಹೇಬರು ಮನೆಗೆ ಬಂದಿದ್ದರು. “ಸುಸಲಾ ಮಾಡ್ಲಾ?” ಎಂದು ಕೇಳಿದೆ. ಸುಸಲಾ ಎಂದರೆ ಈ ಕಡೆಯ ಮಂಡಕ್ಕಿ ಒಗ್ಗರಣೆ. “ಬ್ಯಾಡ್ರಿ, ಬ್ಯಾಡ್ರಿ,” ಅಂದರು. ಸರಿ ಎಂದು ಅವರೆದುರಿಗೇ ಕುಳಿತುಕೊಂಡು ಹವಾಮಾನದ ಬಗ್ಗೆ ಮಾತಾಡಿದೆ. ಪಾಪ, ಅವರು ಬಹಳ ಹೊತ್ತು ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತಿದ್ದು ಎದ್ದು ಹೋದರು. ಮಂಡಕ್ಕಿಯ ಡಬ್ಬಿ ಮುಚ್ಚಿದಂತೆಯೇ ಇತ್ತು.

ಈ ಊರಿನ ಮಂದಿ ಯಾರಿಗೂ ಮುಖದ ಮೇಲೆ ಇಲ್ಲ ಅನ್ನುವುದಿಲ್ಲ. ‘ನಾಳೆ ನೋಡೋಣ್ರಿ’ ಅನ್ನುತ್ತಾರೆ. ಕೇಳಿದವರಿಗೂ ಅರ್ಥವಾಗುತ್ತದೆ, ಹೇಳಿದವರಿಗೂ ಸಮಾಧಾನವಾಗುತ್ತದೆ. ಈ ಮರ್ಯಾದೆಯಲ್ಲಿ ನಮ್ಮ ಮನೆಯವರು ಊರಿಗೇ ಮೊದಲಿಗರು.

ಆಂಟಿವೈರಸ್ಸಿನವರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಮೌಸ್ ಇನ್ನೂ ನಮ್ಮವರ ಕೈಯಲ್ಲೇ ಇದ್ದ ವರ್ಷ, ಅವಧಿ ಮುಗಿಯುತ್ತ ಬಂದಾಗ ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದಿತು. ದುಡ್ಡಿನದು ತಗೊಳ್ಳುತ್ತೀರಾ ಎಂದು ಕೇಳಿ ಕೆಳಗೆ ಮೂರು ಬಟನ್ ಕೊಟ್ಟಿತ್ತು. ‘ಹೌದು’, ‘ಬೇಡ’, ‘ನಂತರ ನೆನಪಿಸಿ’. ನಮ್ಮವರು ನಂತರ ನೆನಪಿಸಿ ಒತ್ತಿದರು. ಮರುದಿನ ಅದು ಬಂತು, ಮತ್ತೆ ಅದನ್ನೇ ಒತ್ತಿದರು. ದಿನಾ ಬೆಳಿಗ್ಗೆ ಪೇಪರಿನ ಜೊತೆಗೇ ಬರತೊಡಗಿತು. ಆಮೇಲೆ ಮಧ್ಯಾಹ್ನವೂ ಬಂತು. ಇವರು ಪ್ರತಿ ಸಲವೂ, ಬಾಗಿಲಿಗೆ ಬಂದವರನ್ನು ಕಳಿಸಿಕೊಡುವ ಮುಖ ಮಾಡಿಕೊಂಡು ನಂತರ ಎಂದು ಒತ್ತುವರು.

“ರೀ, ಮಗ್ಗಲದಾಗ ಬ್ಯಾಡ ಅಂತ ಅದಲ್ಲ, ಅದನ್ನ ಒಂದ್ಸಲ ಒತ್ತಿಬಿಡ್ರಿ,” ಎಂದೆ.

“ಹಂಗ ಮುಖದ ಮ್ಯಾಲ ಬ್ಯಾಡ ಅನ್ನೋದು ಹ್ಯಾಂಗ?”

“ಅದಕ್ಕ ಮುಖ ಎಲ್ಲದ್ರಿ?”

“ಅದಕ್ಕ ಇಲ್ಲ,” ಅಂದರು ಕನ್ನಡಕ ಒರೆಸಿಕೊಳ್ಳುತ್ತ, “ನನಗ ಅದ ಅಲ್ಲ.”

೨. ಅಂಗಡಿಯವರು ಕುಳಿತ ಗಂಟು

ಬ್ಯಾಡ ಒತ್ತುವುದು ಸುಲಭ ಎಂದುಕೊಂಡಿದ್ದೆನಲ್ಲ, ಮುಂದಿನ ವರ್ಷ ಆ ಬಟನ್ನೇ ಇರಲಿಲ್ಲ. ಪರದೆ ತುಂಬ ಹಸಿರು. ‘ಪೂರ್ಣ ರಕ್ಷಣೆ’ ಎಂದು ತಟ್ಟೆಯಷ್ಟು ದೊಡ್ಡ ಬಟನ್. ಅದರ ಕೆಳಗೆ ‘ಕುಟುಂಬ ರಕ್ಷಣೆ’ ಎಂದು ಇನ್ನೂ ದೊಡ್ಡದು. ಪುಕ್ಕಟೆ ಎಂಬ ಮಾತು ಎಲ್ಲೂ ಇಲ್ಲ. ನಾನು ಲೆಕ್ಕದ ಟೀಚರ್. ಉತ್ತರವಿಲ್ಲದ ಲೆಕ್ಕ ಪುಸ್ತಕದಲ್ಲಿ ಇರುವುದಿಲ್ಲ ಎಂದು ನಂಬಿದವಳು. ಆದರೂ ಕಣ್ಣು ಓಡಿಸಿ ಓಡಿಸಿ ಸೋತೆ.

ಅವತ್ತು ನಾದಿನಿ ಕಮಲಾಪುರದಿಂದ ಬಂದಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆಗಿನ್ನೂ ಕಣ್ಣು ಪೂರ್ತಿ ಮಂಜಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, “ಏನ್ ಹುಡಕ್ಲಾಕತ್ತೀರಿ ವೈನಿ?” ಎಂದಳು.

“ಪುಕ್ಕಟೆದು ಎಲ್ಲೋ ಮುಚ್ಚಿಟ್ಟಾರ. ಸಿಗವಲ್ದು.”

ಅವಳು ನಕ್ಕಳು. ಕೌದಿಯ ಒಳಪದರಿಗೆ ಬಟ್ಟೆ ಬೇಕಾದಾಗ ನಾವಿಬ್ಬರೂ ಶಹಾಬಜಾರದ ಗಲ್ಲಿಯೊಂದರ ಅಂಗಡಿಗೆ ಹೋಗುತ್ತಿದ್ದೆವು. ಅಂಗಡಿಯವರು ಗಾದಿಯ ಮೇಲೆ ಕೂತು ಮಿಂಚುವ ಬಟ್ಟೆಗಳನ್ನೇ ಒಂದರ ಮೇಲೊಂದು ಬಿಚ್ಚಿ ಹಾಕುವರು. ಇವಳು ಒಂದನ್ನೂ ಮುಟ್ಟುತ್ತಿರಲಿಲ್ಲ. “ಮ್ಯಾಲಿಂದು ನೋಡಬ್ಯಾಡ್ರಿ ವೈನಿ. ಅಂವ ಯಾವುದರ ಮ್ಯಾಲ ಕುಂತಾನ ಅದನ್ನ ಕೇಳ್ರಿ,” ಎಂದು ನನ್ನ ಕಿವಿಯಲ್ಲಿ ಹೇಳುವಳು. ಅಂಗಡಿಯವರ ಮೊಣಕಾಲಿನ ಕೆಳಗಿನ ಗಂಟಿನಲ್ಲೇ ಯಾವಾಗಲೂ ಗಟ್ಟಿ ಬಟ್ಟೆ ಇರುತ್ತಿತ್ತು.

ಅದೇ ಕಣ್ಣಿನಿಂದ ಈಗ ಪರದೆಯನ್ನು ಮೇಲಿನಿಂದ ಕೆಳಕ್ಕೆ ನೋಡಿದಳು. “ಆ ಹಸಿರು ಬಿಡ್ರಿ. ಇಲ್ಲಿ ತಳದಾಗ, ಮೂಲ್ಯಾಗ, ಬೂದಿ ಬಣ್ಣದ್ದು ಒಂದು ಸಾಲು ಸಣ್ಣಗ ಕುಂತದ ನೋಡ್ರಿ. ಏನದು?”

ಭೂತಕನ್ನಡಿ ಹಿಡಿದು ನೋಡಿದೆ. ‘ಸದ್ಯಕ್ಕೆ ಪುಕ್ಕಟೆಯದರಲ್ಲೇ ಮುಂದುವರಿಯುತ್ತೇನೆ’ ಎಂದಿತ್ತು. ಒತ್ತಿದೆ. ಒಪ್ಪಲಿಲ್ಲ, ‘ನಿಮ್ಮ ಕುಟುಂಬವನ್ನು ಅಪಾಯಕ್ಕೆ ಬಿಡುತ್ತೀರಾ?’ ಎಂದು ಮತ್ತೆ ಹಸಿರು ತೋರಿಸಿತು.

“ಏನಂತಾನ?” ಎಂದಳು.

“ಮತ್ತ ಅದನ್ನೇ ತಗೋರಿ ಅಂತಾನ.”

“ಹಂಗಾರ ಎದ್ದು ಹೊಂಟಂಗ ಮಾಡ್ರಿ.”

ಮೇಲಿನ ಮೂಲೆಯ ಗುಣಾಕಾರದ ಗುರುತು ಒತ್ತಿ ಹೊರಡಲು ನೋಡಿದೆ. ತಟ್ಟನೆ ಹೊಸ ಚೌಕ ಬಂತು. ‘ಹೋಗಬೇಡಿ, ನಿಮಗಾಗಿ ಮಾತ್ರ ಅರ್ಧ ಬೆಲೆಗೆ.’

“ಕರದ ನೋಡ್ರಿ,” ಎಂದಳು ನಾದಿನಿ ಕಾಲು ಮಡಚಿ ಸರಿಯಾಗಿ ಕೂತು. “ಈಗ ತಿರುಗಿ ನೋಡಬ್ಯಾಡ್ರಿ. ಚಪ್ಪಲಿ ಹಾಕ್ಕೋರಿ.”

ಮತ್ತೆ ಗುಣಾಕಾರ ಒತ್ತಿದೆ. ಇನ್ನೂ ಇಳಿಸಿದ. ಇನ್ನೊಮ್ಮೆ ಒತ್ತಿದೆ. ಚೌಕ ಮಾಯವಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಯಾವ ಬಣ್ಣವೂ ಇಲ್ಲದ ಒಂದು ಸಪ್ಪೆ ಚೌಕದಲ್ಲಿ, ಪುಕ್ಕಟೆ ಆವೃತ್ತಿ ಇಳಿಯುತ್ತಿದೆ ಎಂದು ಗೆರೆ ಮೆಲ್ಲಗೆ ಓಡತೊಡಗಿತು.

ನಾದಿನಿ ಎದ್ದು ಸೀರೆಯ ನಿರಿಗೆ ಕೊಡವಿಕೊಂಡಳು. “ಈಗ ಖರೆ ರೇಟಿಗೆ ಬಂದ.”

೩. ಸೂಟಿಯ ದಿನ

ಮಹಾನವಮಿಯ ದಿನ ಈ ಕಡೆ ಮನೆಯ ಹತ್ಯಾರಗಳನ್ನೆಲ್ಲ ತೊಳೆದು, ಒಂದು ಕಡೆ ಇಟ್ಟು ಪೂಜೆ ಮಾಡುತ್ತಾರೆ. ಅವತ್ತು ಅವುಗಳಿಂದ ಕೆಲಸ ಮಾಡಿಸುವಂತಿಲ್ಲ. ಈಳಿಗೆ, ಸುತ್ತಿಗೆ, ಸೈಕಲ್ ಪಂಪು ಸಾಲಾಗಿ ಕೂತಿರುತ್ತವೆ. ನಮ್ಮವರು ಕಂಪ್ಯೂಟರನ್ನೂ ಅದೇ ಸಾಲಿಗೆ ಸೇರಿಸಿದರು. ಪರದೆಯ ಹಣೆಗೆ ಮೂರು ಬೆರಳಿನ ವಿಭೂತಿ, ಮೌಸಿಗೆ ಚೆಂಡುಹೂವು. ಪೂಜೆಗೆ ಮುಂಚೆ ಅದನ್ನು ಚಾಲೂ ಮಾಡಿದರು. ಯಾಕೆಂದು ಕೇಳಿದರೆ, “ಕಣ್ಣು ಮುಚ್ಚಿಕೊಂಡಿದ್ದಕ್ಕ ಹ್ಯಾಂಗ ಪೂಜಿ ಮಾಡೋದು?” ಅಂದರು.

ಕಣ್ಣು ಬಿಟ್ಟಿತು. ಬಿಟ್ಟ ಕೂಡಲೇ ಕೆಂಪಾಯಿತು. ಅವಧಿ ಮುಗಿದದ್ದು ಅವತ್ತೇ. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬುದು ಪರದೆಯ ಈ ತುದಿಯಿಂದ ಆ ತುದಿಗೆ ಧಗಧಗ ಉರಿಯತೊಡಗಿತು. ಒಳಗೆ ಕೌದಿಗಳಿವೆ. ನನ್ನ ಕೈ ತಾನಾಗಿ ಮೌಸಿನತ್ತ ಹೋಯಿತು.

“ಮುಟ್ಟಬ್ಯಾಡ,” ಅಂದರು ನಮ್ಮವರು. “ಇವತ್ತು ಅದಕ್ಕ ಸೂಟಿ.”

“ಸೂಟಿ ಅಂತ ವೈರಸ್ಸಿಗೆ ಗೊತ್ತದೇನ್ರಿ?”

ಅವರು ಊದುಬತ್ತಿ ಹಿಡಿದುಕೊಂಡೇ ಯೋಚನೆ ಮಾಡಿದರು. “ಅದೂ ಯಾರೋ ಒಬ್ಬಾಂವನ ಹತ್ಯಾರನೇ ಅಲ್ಲ? ಅವನ ಮನ್ಯಾಗೂ ಇವತ್ತು ಪೂಜಿ ಇರ್ತದ.”

ಈ ತರ್ಕಕ್ಕೆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ನಾನು ಹೋಗಿ ಗೋಡೆಯಲ್ಲಿದ್ದ ಇಂಟರ್ನೆಟ್ಟಿನ ಡಬ್ಬಿಯ ಪಿನ್ನು ಕಿತ್ತೆ. ಗೋಡೆಗೆ ಪೂಜೆ ಆಗಿರಲಿಲ್ಲ. ಹೊರಗಿನದು ಒಳಗೆ ಬರುವ ದಾರಿ ಮುಚ್ಚಿತು, ಮಷೀನನ್ನು ಮುಟ್ಟಿದಂತೆಯೂ ಆಗಲಿಲ್ಲ. ಆ ಉಪಾಯ ಹೊಳೆದದ್ದಕ್ಕೆ ಇವತ್ತಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಕೆಂಪು ಮಾತ್ರ ಹಾಗೇ ಉಳಿಯಿತು. ಸಂಜೆ ಬ್ರಹ್ಮಪುರದಿಂದ ನಮ್ಮವರ ಹಳೆಯ ಸಹೋದ್ಯೋಗಿಯೊಬ್ಬರು ಹೆಂಡತಿಯೊಡನೆ ಬಂದರು. ಪೂಜೆಗೆ ಕೈಮುಗಿದು, ಆ ಕೆಂಪು ಬೆಳಕನ್ನು ನೋಡಿ, “ಈ ಸಲ ಲೈಟಿಂಗ್ ಭಾಳ ಛಂದ ಮಾಡೀರಿ. ಎಲ್ಲಿ ತಂದ್ರಿ?” ಎಂದು ಕೇಳಿದರು.

ನಮ್ಮವರು ಅವರ ಸಂತೋಷ ಕೆಡಿಸಲಿಲ್ಲ. “ಪುಕ್ಕಟೆ ಬಂತ್ರಿ, ಅದರ ಸಂಗಟೇ.”

೪. ಮೂವರು ಕಾವಲುಗಾರರು

ನಮ್ಮ ಹಿತ್ತಲಿಗೆ ಹತ್ತಿದ ಮನೆ ಆಪಾ ಅವರದು. ಆಪಾ ಎಂದರೆ ಅಕ್ಕ, ಆದರೆ ನನಗಿಂತ ಸ್ವಲ್ಪ ಚಿಕ್ಕವರು. ಈದಿನ ಸುರಕುಂಬಾ ಎಂಬ ಶಾವಿಗೆ ಪಾಯಸ ನಮ್ಮ ಮನೆಗೂ, ನಮ್ಮ ಹೋಳಿಗೆ ಅವರ ಮನೆಗೂ ಗೋಡೆಯ ಮೇಲಿಂದಲೇ ಹೋಗಿಬರುತ್ತದೆ. ಒಂದು ದಿನ ಗೋಡೆಯ ಆಚೆಯಿಂದ ಕರೆದರು. “ಟೀಚರ್, ನಮ್ಮ ಕಂಪ್ಯೂಟರ್ ಚಾಲೂ ಮಾಡಿ ಚಾ ಮಾಡಿ ಕುಡದ್ರೂ ಕಣ್ಣು ತೆಗೀವಲ್ದು. ಒಂದೀಟು ನೋಡ್ರಿ.”

ಹಿಂದೆ ನಮ್ಮ ಮಷೀನಿಗೆ ವೈರಸ್ ತಂದ ಪೆನ್ ಡ್ರೈವ್ ಯಾರ ಮನೆಯದು ಎಂದು ನಾನು ಇವತ್ತಿಗೂ ಹೇಳಿಲ್ಲ. ಆಪಾ ಕರೆದ ಕೂಡಲೇ ಓಡಿದೆ ಎಂದಷ್ಟೇ ಹೇಳುತ್ತೇನೆ. ಆ ಮನೆ ಸರಿಯಿದ್ದರೆ ಈ ಮನೆಯ ಕೌದಿ ಬೆಚ್ಚಗೆ.

ನೋಡಿದರೆ, ಅದರೊಳಗೆ ಮೂರು ಆಂಟಿವೈರಸ್ಸುಗಳು. ಒಂದು ಇದ್ದ ಕಡೆ ಇನ್ನೊಂದು ಇರಬಾರದು. ಒಂದು ಇನ್ನೊಂದನ್ನು ಕಳ್ಳ ಎಂದು ಹಿಡಿಯುತ್ತದೆ, ಅದನ್ನು ಮೂರನೆಯದು ಹಿಡಿಯುತ್ತದೆ. ಮೂರೂ ಜಗಳಾಡಿ ಮುಗಿಸುವ ತನಕ ಮನೆಯ ಯಜಮಾನತಿಗೆ ಒಳಗೆ ಪ್ರವೇಶವಿಲ್ಲ.

“ಇಷ್ಟು ಯಾಕ ಹಾಕಿದ್ರಿ ಆಪಾ?”

“ನಾ ಎಲ್ಲಿ ಹಾಕೀನ್ರಿ? ನಮ್ಮ ಜೇಠ್ ಬಂದಾಗ ಒಂದು ಹಾಕಿ ಕೊಟ್ರು. ಭಾಯಿ ಬಂದಾಗ ಇದು ಛಲೋ ಅದ ಅಂತ ಒಂದು ಹಾಕ್ದ. ದಾಮಾದ್ ಬಂದಾಗ ಅವರೊಂದು ಹಾಕಿದ್ರು. ಯಾರಿಗೆ ಬ್ಯಾಡ ಅನ್ಲಿ ಹೇಳ್ರಿ. ಒಬ್ಬರು ಗಂಡನ ಮನಿ ಹಿರೇರು, ಒಬ್ಬಾಂವ ತವರುಮನಿ, ಇನ್ನೊಬ್ಬರು ಮಗಳ ಮನಿ.”

“ಎರಡು ತೆಗಿಲೇಬೇಕು.”

ಆಪಾ ದುಪಟ್ಟಾ ಸರಿಮಾಡಿಕೊಂಡು ಬಹಳ ಯೋಚಿಸಿದರು. “ದಾಮಾದ್ ಅವರದು ಇರ್ಲಿ. ಉಳಿದಿದ್ದು ತೆಗೀರಿ. ಆದ್ರ ಕಾಣಬೇಕು.”

“ತೆಗೆದದ್ದು ಹ್ಯಾಂಗ ಕಾಣತದ?”

“ಆ ಸಣ್ಣ ಸಣ್ಣ ಚಿತ್ರ ಅವ ಅಲ್ರಿ ಸ್ಕ್ರೀನ್ ಮ್ಯಾಲ, ಅವನ್ನ ಹಂಗೇ ಬಿಡ್ರಿ. ಜೇಠ್ ಕೊಟ್ಟ ಗಡಿಯಾರ ನಿಂತು ಎಷ್ಟೋ ವರ್ಷ ಆತು. ಗೋಡಿ ಮ್ಯಾಲ ಇಲ್ಲೇನು?”

ಹಾಗೆಯೇ ಮಾಡಿದೆ. ಜೇಠ್ ಅವರದನ್ನು ತೆಗೆದು ಹಾಕಿದ ಕೂಡಲೇ ಆ ಕಂಪನಿಯವರ ಪುಟ ತೆರೆದುಕೊಂಡು, ‘ನಮ್ಮನ್ನು ಬಿಡುತ್ತಿರುವುದೇಕೆ?’ ಎಂದು ಕೇಳಿತು. ನಿಧಾನವಾಗಿದೆ, ದುಬಾರಿಯಾಗಿದೆ, ಇಷ್ಟವಾಗಲಿಲ್ಲ, ಇತರೆ. ಮುಚ್ಚಲು ಹೋದರೆ ಆಪಾ ನನ್ನ ಕೈ ಹಿಡಿದರು.

“ಕೇಳ್ಲಾಕತ್ತಾರ ಅಲ್ರಿ, ಪಾಪ. ಜವಾಬು ಕೊಡದ ಹ್ಯಾಂಗ ಎದ್ದು ಹೋಗೋದು? ಇತರೆದಾಗ ಬರೀರಿ.”

ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ‘ನಿಮ್ಮ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮನೆ ಸಣ್ಣದು, ಮಂದಿ ಬಹಳ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.’ ಕಳಿಸು ಎಂಬುದನ್ನು ಒತ್ತುವಷ್ಟರಲ್ಲಿ ಮತ್ತೆ ತಡೆದರು.

“ಕಡೀಕ ಒಂದು ಮಾತು ಹಾಕ್ರಿ ಟೀಚರ್. ಈದಿಗೆ ತಪ್ಪದ ಬರ್ರಿ ಅಂತ.”

೫. ದಿನಾ ಬರುವ ಫೋನು

ಹೋದ ವರ್ಷ ಮಳವಳ್ಳಿಯಲ್ಲಿ ನನ್ನ ತಮ್ಮನ ಮೊಮ್ಮಗಳ ಮದುವೆ. ಮುಂಚೆಯೇ ಹೋಗಿ ಚಪ್ಪರದಿಂದ ಹಿಡಿದು ಬೀಗರೂಟದವರೆಗೆ ಇದ್ದುಬರುವುದು ಎಂದು ನಾನೊಬ್ಬಳೇ ಹೊರಟೆ. ನಮ್ಮವರು ತಂಗಿಯ ಮನೆಗೆ ಕಮಲಾಪುರಕ್ಕೆ ಹೋದರು. ಹೋಗುವಾಗ ಕಂಪ್ಯೂಟರನ್ನೂ ಒಯ್ದರು. ಕಮಲಾಪುರದ ಹೆಣ್ಣುಮಕ್ಕಳು ಕೆಲವರು ನಾದಿನಿಯ ಹತ್ತಿರ ಕೌದಿ ಕಲಿಯತೊಡಗಿದ್ದರು. ಅವಳು ಹೊಲಿದು ತೋರಿಸಲಾರಳು. ಪರದೆಯ ಮೇಲೆ ಕೌದಿಯ ಒಂದು ಮೂಲೆಯನ್ನು ದೊಡ್ಡದಾಗಿ ಮಾಡಿಟ್ಟು, ಹತ್ತಿರ ಕೂತು, ಈ ತುಂಡು ಹೀಗೆ ತಿರುಗಬೇಕು, ಈ ದಾರ ಇಲ್ಲಿಂದ ಏಳಬೇಕು ಎಂದು ಹೇಳಿಕೊಡಬಲ್ಲಳು. ನಮ್ಮವರು ಮಷೀನನ್ನು ಹಳೆಯ ಶಾಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದರಂತೆ. ಕಂಡಕ್ಟರು ಇಣುಕಿ ನೋಡಿ, “ಅಜ್ಜಾರ, ಕೂಸಿನ ಮುಖಾ ಸ್ವಲ್ಪ ತೆಗೀರಿ, ಗಾಳಿ ಆಡ್ಲಿ,” ಅಂದರಂತೆ.

ಫೋಟೋಗಳ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಬೇಕು ಎಂದು ನಾನು ಅಂದುಕೊಳ್ಳುತ್ತಲೇ ಇದ್ದೆ. ನಾಳೆ ಮಾಡೋಣ, ನಾಳೆ ಮಾಡಿದ್ರಾತು ಎಂದು ಬಿಟ್ಟಿದ್ದೆ. ಆ ಒಂದು ವಿಷಯದಲ್ಲಿ ನಾನೂ ಕಲಬುರಗಿಯವಳೇ ಆಗಿಬಿಟ್ಟಿದ್ದೆ.

ಚಪ್ಪರದ ದಿನ ನಮ್ಮವರ ಫೋನು ಬಂತು. ದನಿಯಲ್ಲಿ ಉತ್ಸಾಹವಿತ್ತು.

“ನಮ್ಮ ಆಂಟಿವೈರಸ್ ಆಫೀಸಿನ್ಯಾಗಿಂದ ಒಬ್ಬಾಂವ ಫೋನ್ ಮಾಡಿದ್ದ. ಅವಧಿ ಮುಗದದ, ನಾನೇ ಅಪ್‌ಗ್ರೇಡ್ ಮಾಡಿ ಕೊಡ್ತೀನಿ, ಮಷೀನ್ ಚಾಲೂ ಮಾಡಿ ನಾ ಹೇಳಿದ್ದು ಒತ್ರಿ ಅಂದ. ಭಾಳ ನಯವಾಗಿ ಮಾತಾಡ್ತಾನ.”

ಕೈಯಲ್ಲಿದ್ದ ಅರಿಶಿನದ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಚಪ್ಪರದಿಂದ ಆಚೆ ಬಂದೆ. ಪುಕ್ಕಟೆ ಕಾವಲುಗಾರ ಯಾರಿಗೂ ತಾನಾಗಿ ಫೋನ್ ಮಾಡುವುದಿಲ್ಲ. ಇವನು ಕಳ್ಳ. ಅವನು ಹೇಳಿದ್ದನ್ನು ಇವರು ಒಂದು ಸಲ ಒತ್ತಿದರೆ ಮಷೀನಿನ ಬೀಗದ ಕೈ ಅವನಿಗೆ ಹೋಗುತ್ತದೆ. ಅಳಿಸುವುದೋ, ಮುಚ್ಚಿಟ್ಟು ಕಾಡುವುದೋ ಅವನ ಇಷ್ಟ.

“ರೀ, ಅವನಿಗೆ ಬ್ಯಾಡ ಅಂತ ಹೇಳಿ ಫೋನ್ ಇಟ್ಟುಬಿಡ್ರಿ.”

“ಆಯ್ತು, ಆಯ್ತು.”

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಗೊತ್ತು, ನಮ್ಮವರ ‘ಆಯ್ತು’ ಎಂದರೆ ಹೌದು ಎಂದಲ್ಲ. ನಾದಿನಿಗೆ ಫೋನ್ ಮಾಡಿ ವಿಷಯ ಬಿಡಿಸಿ ಹೇಳಿದೆ. “ನನ್ನ ಕೌದಿ ಮತ್ತ ಹೋಗ್ತಾವೇನ್ರಿ ವೈನಿ?” ಎಂದು ಮಾತ್ರ ಕೇಳಿದಳು. ಅಣ್ಣನ ಮೇಲೆ ಒಂದು ಕಣ್ಣಿಟ್ಟಿರು ಎಂದೆ. ಮಳವಳ್ಳಿಯಿಂದ ಕಮಲಾಪುರ ಎಂದರೆ ರಾಜ್ಯದ ಆ ತುದಿಯಿಂದ ಈ ತುದಿ. ಮದುವೆಮನೆಯಲ್ಲಿ ಎಲ್ಲರೂ ಓಲಗ ಕೇಳುತ್ತಿದ್ದರೆ ನಾನು ಮಡಿಲಲ್ಲಿ ಫೋನು ಇಟ್ಟುಕೊಂಡು ಕೂತೆ.

ಮರುದಿನ ನಾದಿನಿಯೇ ಫೋನ್ ಮಾಡಿದಳು. “ಇವತ್ತೂ ಬಂದಿತ್ತು ವೈನಿ. ಅಣ್ಣ ಬ್ಯಾಡ ಅನ್ಲಿಲ್ಲ. ಇವತ್ತು ಅಮಾಸಿ ಅದ ರೀ, ಹೊಸ ಕೆಲಸಾ ಹಿಡಿಯಂಗಿಲ್ಲ, ನಾಳೆ ಮಾಡೋಣ ಅಂದ.”

ಅದರ ಮರುದಿನ, “ಕರೆಂಟ್ ಇಲ್ರಿ ಅಂದ. ಕರೆಂಟ್ ಇತ್ತು.”

ಅದರ ಮರುದಿನ, “ಕೌದಿ ಹೊಲಿಯೋ ಹೆಣ್ಮಕ್ಕಳು ಮಷೀನಿನ ಮುಂದ ಕುಂತಾರ, ಅವರನ್ನ ಎಬ್ಬಸೋದು ಛಲೋ ಅಲ್ಲ ಅಂದ. ಆಮ್ಯಾಲೆ ಅವನಿಗೆ ಊಟ ಆತೇನು ಅಂತ ಕೇಳಿದ. ಆಗಿಲ್ಲ ಅಂದನಂತ. ಹಂಗಾರ ಉಂಡು ಫೋನ್ ಮಾಡ್ರಿ, ಖಾಲಿ ಹೊಟ್ಟ್ಯಾಗ ಕೆಲಸಾ ಮಾಡಬಾರದು ಅಂದ. ಅಂವ ಉಂಡು ಫೋನ್ ಮಾಡೋ ಹೊತ್ತಿಗೆ ಅಣ್ಣ ಮಲಗಿದ್ದ.”

ಆ ಮನುಷ್ಯನೂ ಛಲಗಾರ. ಹಿಡಿದದ್ದನ್ನು ಬಿಡಲಿಲ್ಲ. ನಮ್ಮವರು ಒಮ್ಮೆಯೂ ದನಿ ಏರಿಸಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದಿದ್ದೀರಾ ಎಂದು ಕೇಳಿ, ತಿಂದಿಲ್ಲ ಎಂದದ್ದಕ್ಕೆ ಮರುಗಿ, ಅದನ್ನು ಹೇಗೆ ಹಣ್ಣು ಮಾಡಬೇಕು ಎಂಬುದನ್ನು ಬಹಳ ಹೊತ್ತು ವಿವರಿಸಿದರಂತೆ. ಒಂದು ದಿನ ಮಷೀನ್ ಚಾಲೂ ಮಾಡುತ್ತೇನೆ ಎಂದು ಹೇಳಿ ಹೋಗಿ, ಹಿತ್ತಲಿನಲ್ಲಿ ಹಲ್ಲುಜ್ಜಿ, ಮುಖ ತೊಳೆದು ಬಂದು, “ಇನ್ನೂ ಅದೀರೇನ್ರಿ?” ಎಂದು ವಿಚಾರಿಸಿದರಂತೆ. ಅವನು ಇದ್ದ.

ಧಾರೆ ಮುಗಿದ ಮೇಲೆ ನಾನೇ ನಮ್ಮವರಿಗೆ ಫೋನ್ ಮಾಡಿದೆ. “ರೀ, ಅಂವ ಕಳ್ಳ ಅಂತ ನಿಮಗ ಇನ್ನೂ ಗೊತ್ತಾಗಿಲ್ಲೇನು?”

“ಮೊದಲನೇ ದಿನಾನೇ ಗೊತ್ತಾತು. ನೀ ಹೇಳೂಕಿಂತ ಮೊದಲೇ.”

“ಮತ್ತ ದಿನಾ ಯಾಕ ಮಾತಾಡ್ತೀರಿ?”

“ಕಳ್ಳ ಆದ್ರೇನು, ಮನಿಗೆ ಫೋನ್ ಮಾಡ್ಯಾನ. ಮಷೀನ್ ಮುಟ್ಟೋದಿಲ್ಲ, ನೀ ಆರಾಮ ಲಗ್ನಾ ಮಾಡು.”

ನನ್ನ ಎದೆ ತುಸು ಹಗುರಾಯಿತು. ಆದರೂ ಪೂರ್ತಿ ನಂಬಲಿಲ್ಲ. ಅಷ್ಟು ನಯವಾಗಿ ಕೇಳುವವನಿಗೆ ಒಂದು ದಿನ ಇವರ ಮನಸ್ಸು ಕರಗಿ, ಪಾಪ ಒಂದು ಬಟನ್ ತಾನೇ ಎಂದು ಒತ್ತಿಬಿಟ್ಟರೆ? ಬೀಗರೂಟ ಮುಗಿಯುತ್ತಲೇ ರೈಲು ಹತ್ತಿದೆ. ಕಲಬುರಗಿಯಲ್ಲಿ ಇಳಿದು ಮನೆಗೂ ಹೋಗದೆ ಅಲ್ಲಿಂದಲೇ ಕಮಲಾಪುರದ ಬಸ್ಸು ಹಿಡಿದೆ. ಬ್ಯಾಗು ಕೆಳಗಿಡದೆ ಮಷೀನಿನ ಮುಂದೆ ಕೂತೆ. ನಾದಿನಿ ನನ್ನ ಹೆಗಲಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಒಂದೊಂದೇ ಫೋಟೋ ತೆಗೆದು ತೋರಿಸಿದೆ. ಚುಕ್ಕಿಯ ಕೌದಿ ಇತ್ತು. ಅವಳ ಅವ್ವನ ಇಳಕಲ್ ಸೀರೆಯ ಕೌದಿ ಇತ್ತು. ಎಲ್ಲವೂ ಇದ್ದವು. ಅವಳು ಒಳಗೆ ಹೋಗಿ ನನಗೆ ಊಟಕ್ಕೆ ಹಾಕಿ, ಎದುರಿಗೆ ತನ್ನ ತಾಟನ್ನೂ ಇಟ್ಟುಕೊಂಡು ಕೂತಳು.

ನಾವು ಉಣ್ಣುತ್ತಿರುವಾಗ, ಹಿಂದಿನ ದಿನ ನಡೆದದ್ದನ್ನು ನಮ್ಮವರು ಹೇಳಿದರು. ಫೋನಿನವನಿಗೆ ಕೊನೆಗೆ ಸಹನೆ ತಪ್ಪಿತ್ತಂತೆ. “ಸಾರ್, ನಿಮ್ ಕೈ ಮುಗೀತೀನಿ, ಮಾಡಲ್ಲ ಅಂತನಾದ್ರೂ ಬಾಯಿಬಿಟ್ಟು ಹೇಳಿ. ನಾನು ಬೇರೆಯವರಿಗೆ ಫೋನ್ ಮಾಡ್ಕೋತೀನಿ,” ಎಂದು ಬೇಡಿಕೊಂಡನಂತೆ.

“ಅದಕ್ಕ ನೀವೇನಂದ್ರಿ?”

“ಅದು ನಮ್ಮ ಮನೆಯವರ ಖಾತೆ ರೀ, ಅವರು ಊರಿಗೆ ಹೋಗ್ಯಾರ, ನಾಳೆ ಬರ್ತಾರ, ಅವರ ಕೈಲೇ ಹೇಳಸ್ತೀನಿ ಅಂದೆ.”

ಅಷ್ಟರಲ್ಲಿ ಫೋನು ರಿಂಗಾಯಿತು. ನಮ್ಮವರು ಎತ್ತಿ, “ಹಾಂ, ಬಂದಾರ ರೀ, ಇಲ್ಲೇ ಅದಾರ, ಕೊಡ್ತೀನಿ,” ಎಂದು ನನ್ನ ಎಡಗೈಗೆ ಕೊಟ್ಟರು. ಒಂದು ವಾರ ತವರಿನ ಗಾಳಿ ಕುಡಿದು ಬಂದಿದ್ದೆ.

“ಬ್ಯಾಡ ಕನಪ್ಪ,” ಅಂದೆ.

ಆ ಕಡೆ ದೊಡ್ಡ ಉಸಿರೊಂದು ಕೇಳಿಸಿತು.

“ನಿಮ್ಮಿಂದ ಬಹಳ ಉಪಕಾರ ಆಯ್ತಮ್ಮ,” ಎಂದು ಅವನು ಫೋನು ಇಟ್ಟ.